ಕೋಡ್ ಎಲ್ಲರದು, ತೀರ್ಮಾನ ಯಾರದು?

‘ಓಪನ್ ಸೋರ್ಸ್ ಯೋಜನೆಗೆ ಕೋಡ್ ಬರೆದುಕೊಡಿ, ರೆಸ್ಯೂಮೆಗೆ ತೂಕ ಬರುತ್ತದೆ’– ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಈ ಕಿವಿಮಾತು ಹೊಸದಲ್ಲ. ಆದರೆ ಬರೆದುಕೊಟ್ಟ ಕೋಡ್ ನಾಳೆ ಯಾರ ಹಿಡಿತಕ್ಕೆ ಹೋಗುತ್ತದೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿಕೊಳ್ಳುತ್ತೇವೆ?

ರೆಡಿಸ್‌ನ ಕಥೆಯನ್ನೇ ನೋಡಿ. ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಹೊರತಂದ ಈ ಡೇಟಾಬೇಸ್, ಮಾಹಿತಿಯನ್ನು ಮೆಮೊರಿಯಲ್ಲೇ ಇಟ್ಟುಕೊಂಡು ಕ್ಷಣದಲ್ಲಿ ಒದಗಿಸುತ್ತದೆ. ಬಿಎಸ್‌ಡಿ ಲೈಸೆನ್ಸ್ ಇದ್ದುದರಿಂದ ಅದನ್ನು ಯಾರು ಬೇಕಾದರೂ ಬಳಸಬಹುದಿತ್ತು, ತಿದ್ದಬಹುದಿತ್ತು, ಮಾರಲೂಬಹುದಿತ್ತು. ಹಲವು ದೇಶಗಳ ಪ್ರೋಗ್ರಾಮರ್‌ಗಳು ಸೇರಿ ಅದನ್ನು ಬೆಳೆಸಿದರು. ಹೆಸರಿನ ಟ್ರೇಡ್‌ಮಾರ್ಕ್ ಮಾತ್ರ ಅದೇ ಹೆಸರಿನ ಕಂಪನಿಯ ಬಳಿ ಇತ್ತು.

2024ರ ಮಾರ್ಚ್‌ನಲ್ಲಿ ಆ ಕಂಪನಿ, ಮುಂದಿನ ಆವೃತ್ತಿಗಳಿಗೆ ಬಿಎಸ್‌ಡಿ ಲೈಸೆನ್ಸ್ ಇರುವುದಿಲ್ಲ ಎಂದು ಘೋಷಿಸಿತು. ದೊಡ್ಡ ಕ್ಲೌಡ್ ಕಂಪನಿಗಳು ರೆಡಿಸ್ ಅನ್ನು ಸೇವೆಯಾಗಿ ಮಾರಿ ಲಾಭ ಮಾಡಿಕೊಳ್ಳುತ್ತಿವೆ, ಅಭಿವೃದ್ಧಿಯ ಭಾರ ತನ್ನ ಮೇಲಿದೆ ಎಂಬುದು ಅದರ ವಾದ. ಈ ದೂರನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ವರ್ಷಗಟ್ಟಲೆ ಹೊರಗಿನಿಂದ ದುಡಿದವರೂ ಇದ್ದರು. ತೀರ್ಮಾನ ಮಾತ್ರ ಕಂಪನಿಯದಾಗಿತ್ತು.

ಹಾಗೆಂದು ಅವರು ಕೈಕಟ್ಟಿ ಕೂರಲಿಲ್ಲ. ಹಳೆಯ ಆವೃತ್ತಿಗೆ ಒಮ್ಮೆ ಕೊಟ್ಟ ಸ್ವಾತಂತ್ರ್ಯವನ್ನು ಹಿಂಪಡೆಯಲಾಗದು. ಆ ಕೋಡನ್ನೇ ತೆಗೆದುಕೊಂಡು, ಕೆಲವೇ ದಿನಗಳಲ್ಲಿ ‘ವ್ಯಾಲ್‌ಕೀ’ ಎಂಬ ಕವಲು ಯೋಜನೆ ಆರಂಭಿಸಿದರು. ಲಿನಕ್ಸ್ ಫೌಂಡೇಷನ್ ಆಶ್ರಯ ಕೊಟ್ಟಿತು. ಅಮೆಜಾನ್, ಗೂಗಲ್, ಒರಾಕಲ್ ಬೆಂಬಲಕ್ಕೆ ನಿಂತವು. 2025ರ ಮೇ ತಿಂಗಳಲ್ಲಿ ರೆಡಿಸ್ ಕಂಪನಿಯು ಎಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸ್‌ನ ಆಯ್ಕೆಯನ್ನು ಮತ್ತೆ ಕೊಟ್ಟಿತು. ಅಷ್ಟರಲ್ಲಿ ಮನೆ ಇಬ್ಭಾಗವಾಗಿತ್ತು.

ಲಿನಕ್ಸ್ ಕರ್ನಲ್‌ನಲ್ಲಿ ಹೀಗಾಗುವುದು ಸುಲಭವಲ್ಲ. ಅದರ ಕೃತಿಸ್ವಾಮ್ಯ ಸಾವಿರಾರು ಜನರ ನಡುವೆ ಹಂಚಿಹೋಗಿದೆ. ಅವರ ಒಪ್ಪಿಗೆಯಿಲ್ಲದೆ ಯಾವ ಕಂಪನಿಯೂ ಅದರ ಜಿಪಿಎಲ್ ಲೈಸೆನ್ಸ್ ಬದಲಿಸಲಾಗದು.

ಹಾಗಾಗಿ ಕೋಡ್ ಕಳುಹಿಸುವ ಮುನ್ನ ಮೂರು ಸಂಗತಿ ನೋಡಿಕೊಳ್ಳೋಣ. ಲೈಸೆನ್ಸ್ ಯಾವುದು? ನಮ್ಮ ಕೋಡ್‌ನ ಹಕ್ಕನ್ನು ಕಂಪನಿಗೆ ಬರೆದುಕೊಡುವ ಒಪ್ಪಂದಕ್ಕೆ ಸಹಿ ಕೇಳುತ್ತಿದ್ದಾರೆಯೇ? ಹೆಸರು ಮತ್ತು ತೀರ್ಮಾನದ ಅಧಿಕಾರ ಒಂದೇ ಕಂಪನಿಯ ಬಳಿ ಇದೆಯೇ ಅಥವಾ ಹಲವರಿರುವ ಪ್ರತಿಷ್ಠಾನದ ಬಳಿಯೇ?

ಉತ್ತರ ಏನೇ ಇರಲಿ, ಕಲಿಕೆಗೆ ನಷ್ಟವಿಲ್ಲ. ಆದರೆ ನಮ್ಮದೆಂದು ನಂಬಿ ದುಡಿಯುವುದಕ್ಕೂ ಇನ್ನೊಬ್ಬರದೆಂದು ತಿಳಿದೇ ದುಡಿಯುವುದಕ್ಕೂ ವ್ಯತ್ಯಾಸವಿದೆ.