ಹಳೆಯ ಟ್ರ್ಯಾಕ್ಟರಿಗೆ ಹೊಸ ರೇಡಿಯೇಟರ್

ಕಾರಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೋಡುಗಳಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಎತ್ತುಗಳಿಲ್ಲದ ಮನೆಗಳಲ್ಲಿ ಹೂವಿನ ಹಾರ ಟ್ರ್ಯಾಕ್ಟರಿಗೆ ಬೀಳುತ್ತದೆ. ಆದರೆ ದಣಿದ ಎತ್ತು ನೊರೆಗರೆದು ತನ್ನ ಸಂಕಟವನ್ನು ಒಡೆಯನಿಗೆ ತಿಳಿಸುತ್ತದೆ. ಟ್ರ್ಯಾಕ್ಟರಿನ ದಣಿವನ್ನು ಹೇಳುವುದು ಶಾಖಮಾಪಕದ ಮುಳ್ಳೊಂದೇ. ಅದರ ಕಡೆಗೆ ಕಣ್ಣು ಹಾಯಿಸುವವರು ನಮ್ಮಲ್ಲಿ ಕಡಿಮೆ.

ನಮ್ಮ ಮನೆಯಲ್ಲಿ ಹಳೆಯದೊಂದು ಎಚ್.ಎಂ.ಟಿ. ಟ್ರ್ಯಾಕ್ಟರ್ ಇದೆ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಸಂಸ್ಥೆ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯದ ಜೆಟರ್ ತಂತ್ರಜ್ಞಾನದಿಂದ ಟ್ರ್ಯಾಕ್ಟರ್ ತಯಾರಿಕೆ ಆರಂಭಿಸಿತು. 2016ರಲ್ಲಿ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಕಾರ್ಖಾನೆ ಮುಚ್ಚಿದರೂ ಅದರ ಟ್ರ್ಯಾಕ್ಟರುಗಳು ಹೊಲ ಬಿಟ್ಟಿಲ್ಲ. ಇಂತಹ ಗಾಡಿಗೆ ರೇಡಿಯೇಟರ್ ಬದಲಿಸುವಾಗ ಆಯ್ಕೆಯ ಹೊಣೆಯೆಲ್ಲ ರೈತನ ಮೇಲೆಯೇ ಬೀಳುತ್ತದೆ.

ಹಿಂದಿನ ವರ್ಷ ಬಿತ್ತನೆಯ ಹೊತ್ತಿಗೆ ನಮ್ಮ ಟ್ರ್ಯಾಕ್ಟರ್ ಕುದಿಯತೊಡಗಿತು. ಮಗನು, “ಅಪ್ಪಾ, ಇದನ್ನು ಮಾರಿ ಸಾಲ ಮಾಡಿಯಾದರೂ ಹೊಸದು ತರೋಣ” ಎಂದನು. ಸಾಲದ ಮಾತಿಗೆ ಹೆದರಿದ ನಾವು ಪೇಟೆಗೆ ಹೋಗಿ, ನೋಡಲು ಹಳೆಯದರಂತೆಯೇ ಇದ್ದ, ಎಲ್ಲಕ್ಕಿಂತ ಅಗ್ಗದ ರೇಡಿಯೇಟರನ್ನು ತಂದು ಕೂರಿಸಿದೆವು. ಹದಿನೈದು ದಿನ ಕಳೆಯುವಷ್ಟರಲ್ಲಿ ಮತ್ತೆ ಹಬೆ ಎದ್ದಿತು. ಮೋಡ ಕವಿದಿತ್ತು, ನೆಲ ಹದಗೊಂಡಿತ್ತು, ಟ್ರ್ಯಾಕ್ಟರ್ ಮಾತ್ರ ಅಂಗಳದಲ್ಲಿ ನಿಂತಿತ್ತು.

ಕಾರಣವನ್ನು ಕಂಡುಹಿಡಿದವರು ನಮ್ಮ ಮನೆಯಾಕೆ. ಬಚ್ಚಲ ಹಂಡೆಯನ್ನು ತೋರಿಸಿ, “ಇದರ ತಳದಲ್ಲಿ ಕೂತ ಸುಣ್ಣ ನೋಡಿರಿ. ಅದೇ ಕೊಳವೆಬಾವಿಯ ನೀರನ್ನು ನೀವು ಗಾಡಿಗೂ ಕುಡಿಸುತ್ತೀರಲ್ಲ?” ಎಂದರು. ಆ ಮಾತು ನಿಜವಾಗಿತ್ತು. ಗಡಸು ನೀರು ಕಾದಾಗ ಸುಣ್ಣದ ಪೊರೆ ಕಟ್ಟುತ್ತದೆ. ಸಣ್ಣ ನಳಿಕೆಗಳು ಅದರಿಂದ ಮುಚ್ಚಿಹೋಗುತ್ತವೆ. ಎಂಜಿನ್ನಿನೊಳಗಿನ ಗಸಿಯನ್ನು ತೊಳೆಯದೆ ನಾವು ರೇಡಿಯೇಟರ್ ಒಂದನ್ನೇ ಬದಲಿಸಿದ್ದೆವು. ಅದೂ ಹಳೆಯದಕ್ಕಿಂತ ತೆಳುವಾದದ್ದು. ತಪ್ಪು ಅಂಗಡಿಯವರದಲ್ಲ, ನಮ್ಮದು.

ಆದ್ದರಿಂದ ಹಣ ಕೊಡುವ ಮುನ್ನ ಹಳೆಯದು ಏಕೆ ಸತ್ತಿತೆಂಬುದನ್ನು ತಿಳಿಯಬೇಕು. ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ? ಜಾಲರಿಯಲ್ಲಿ ಹೊಟ್ಟು, ಧೂಳು ತುಂಬಿದೆಯೇ? ಥರ್ಮೋಸ್ಟ್ಯಾಟ್ ಬಿಗಿದುಕೊಂಡಿದೆಯೇ? ನೀರಿನ ಪಂಪು ಸೋರುತ್ತಿದೆಯೇ? ತಣ್ಣಗಿರುವಾಗ ಮುಚ್ಚಳ ತೆಗೆದು ಎಂಜಿನ್ ಚಾಲೂ ಮಾಡಿದೊಡನೆ ಗುಳ್ಳೆಗಳು ಒಂದೇ ಸಮನೆ ಏಳುತ್ತಿದ್ದರೆ, ದೋಷ ಹೆಡ್ ಗ್ಯಾಸ್ಕೆಟ್ಟಿನದಾಗಿರಬಹುದು. ಹಾಗಿದ್ದಲ್ಲಿ ಎಂತಹ ರೇಡಿಯೇಟರ್ ತಂದರೂ ವ್ಯರ್ಥ. ಬಿಸಿಯಾಗಿರುವಾಗ ಮಾತ್ರ ಮುಚ್ಚಳವನ್ನು ಎಂದೂ ತೆರೆಯಬಾರದು. ಚಿಮ್ಮುವ ಕುದಿನೀರು ಮುಖವನ್ನೇ ಸುಟ್ಟೀತು.

ರೇಡಿಯೇಟರನ್ನೇ ಬದಲಿಸಬೇಕೆಂದಾದರೆ ಹಳೆಯದನ್ನು ಬಿಚ್ಚಿ ಜೊತೆಗೆ ಒಯ್ಯಿರಿ. ಎತ್ತರ, ಅಗಲಗಳು ಸಾಲವು. ದಪ್ಪವನ್ನೂ ನಳಿಕೆಯ ಸಾಲುಗಳನ್ನೂ ಎಣಿಸಿರಿ. ಮೂರು ಸಾಲಿದ್ದ ಕಡೆ ಎರಡು ಸಾಲಿನದನ್ನು ಕೂರಿಸಿದರೆ ಗಾಡಿ ನೆರಳಲ್ಲಿ ತಣ್ಣಗಿದ್ದು, ನೇಗಿಲ ಭಾರಕ್ಕೆ ಕುದಿಯಬಹುದು. ಹೋಸ್ ಪೈಪಿನ ಬಾಯಿಗಳ ಅಳತೆ, ಅವು ಇರುವ ಬದಿ, ಬೋಲ್ಟಿನ ತೂತುಗಳು, ಫ್ಯಾನಿಗೆ ಉಳಿಯುವ ಅಂತರ ಇವನ್ನೆಲ್ಲ ಹೋಲಿಸಿ ನೋಡಿರಿ. ಮುಚ್ಚಳದ ಒತ್ತಡವೂ ಹಿಂದಿನಷ್ಟೇ ಇರಲಿ. ಚದರ ಅಂಗುಲಕ್ಕೆ 7 ಪೌಂಡ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ನೀರು ಸುಮಾರು 111 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಕುದಿಯದು. ಹೆಚ್ಚು ಒತ್ತಡದ ಮುಚ್ಚಳ ಒಳ್ಳೆಯದೆಂದು ಹಾಕಿದರೆ ಹಳೆಯ ಬೆಸುಗೆಗಳೇ ಬಿಟ್ಟಾವು.

ತಾಮ್ರ-ಹಿತ್ತಾಳೆಯದೋ, ಅಲ್ಯೂಮಿನಿಯಂನದೋ? ತಾಮ್ರವು ಅಲ್ಯೂಮಿನಿಯಂಗಿಂತ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು ಶಾಖವನ್ನು ಸಾಗಿಸುತ್ತದೆ. ಆದರೂ ಸರಿಯಾಗಿ ರೂಪಿಸಿದ ಅಲ್ಯೂಮಿನಿಯಂ ರೇಡಿಯೇಟರ್ ತಂಪು ಮಾಡುವುದರಲ್ಲಿ ಹಿಂದೆ ಬೀಳದು, ಹಗುರವೂ ಹೌದು. ವ್ಯತ್ಯಾಸವಿರುವುದು ಸೋರಿಕೆಯ ದಿನ. ಹಿತ್ತಾಳೆಯ ತೊಟ್ಟಿಗೆ ತಾಲ್ಲೂಕು ಪೇಟೆಯ ಬೆಸುಗೆಯವರೇ ಕೈಹಾಕಬಲ್ಲರು. ಅಲ್ಯೂಮಿನಿಯಂಗೆ ಸಾಮಾನ್ಯ ಬೆಸುಗೆ ಹಿಡಿಯದು. ಪ್ಲಾಸ್ಟಿಕ್ ತೊಟ್ಟಿ ಸೀಳಿದರಂತೂ ಬಹುಮಟ್ಟಿಗೆ ಬದಲಿಸುವುದೇ ಗತಿ.

ನಾವು ಕೊನೆಗೆ ಹಳೆಯ ರೇಡಿಯೇಟರನ್ನೇ ಬೆಸುಗೆಯವರ ಬಳಿಗೆ ಒಯ್ದೆವು. ಪುಣ್ಯಕ್ಕೆ ಅದನ್ನು ಗುಜರಿಗೆ ಹಾಕಿರಲಿಲ್ಲ. ಮೇಲಿನ, ಕೆಳಗಿನ ಹಿತ್ತಾಳೆ ತೊಟ್ಟಿಗಳು ಗಟ್ಟಿಯಾಗಿದ್ದವು. ನಡುವಿನ ತಾಮ್ರದ ಕೋರನ್ನು ಮಾತ್ರ ಹೊಸದಾಗಿ ಹಾಕಿಸಿದೆವು. ಆ ವೃದ್ಧರು ಅದನ್ನು ನೀರಿನಲ್ಲಿ ಮುಳುಗಿಸಿ, ಗಾಳಿ ತುಂಬಿ, ಒಂದು ಗುಳ್ಳೆಯೂ ಏಳದೆಂಬುದನ್ನು ತೋರಿಸಿದ ಮೇಲೆಯೇ ಕೂಲಿ ಕೇಳಿದರು. ಚೌಕಾಸಿಗೆ ನಮಗೆ ಮನಸ್ಸಾಗಲಿಲ್ಲ. ಕಾಯಕವೆಂಬ ಮಾತಿನ ಅರ್ಥ ಆ ನೀರಿನ ತೊಟ್ಟಿಯ ಬಳಿ ನಮಗೆ ಮತ್ತೊಮ್ಮೆ ತಿಳಿಯಿತು.

ಎಂಜಿನ್ ತೊಳೆಸಿ, ಬಟ್ಟಿ ಇಳಿಸಿದ ನೀರಿನಲ್ಲಿ ಕೂಲಂಟ್ ಬೆರೆಸಿ ತುಂಬಿದೆವು. ಬಿತ್ತನೆ ತಡವಾದರೂ ತಪ್ಪಲಿಲ್ಲ. ಸಾಲದ ಮಾತು ಎತ್ತಿದ್ದ ಮಗನು ಈಗ ದಿನವೂ ಬೆಳಿಗ್ಗೆ ನೀರಿನ ಮಟ್ಟ ನೋಡಿಯೇ ಗಾಡಿ ಹತ್ತುತ್ತಾನೆ. ಬರುವ ಕಾರಹುಣ್ಣಿಮೆಯಂದು ಟ್ರ್ಯಾಕ್ಟರಿಗೆ ಹಾರ ಹಾಕುವ ಬಂಧುಗಳು ಅದಕ್ಕೆ ಮೊದಲು ಒಮ್ಮೆ ಜಾಲರಿಯ ಹೊಟ್ಟನ್ನು ತೆಗೆದು, ಬೆಲ್ಟನ್ನು ಒತ್ತಿ ನೋಡಲೆಂದು ನಮ್ಮ ವಿನಂತಿ.