ಕಯಾನ್ ಕಣಿವೆಯ ಪಾಳೇಗಾರ

ಅಫ್ಘಾನಿಸ್ತಾನದ ಸಯ್ಯದ್ ಮನ್ಸೂರ್ ನಾದಿರಿ ಅವರನ್ನು ಸುದ್ದಿಲೋಕ ‘ಯುದ್ಧದೊರೆ’ ಎಂಬ ಒಂದೇ ಹಣೆಪಟ್ಟಿ ಹಚ್ಚಿ ಬದಿಗಿಟ್ಟುಬಿಡುತ್ತದೆ. ಕನ್ನಡದಲ್ಲಿ ಅದಕ್ಕಿಂತ ಅರ್ಥವತ್ತಾದ ಪದವಿದೆ: ಪಾಳೇಗಾರ. ಘಾಟಿಯನ್ನೋ ಹೆದ್ದಾರಿಯನ್ನೋ ಕಾಯುವವನು, ಆ ಕಾವಲಿಗಾಗಿ ಮೇಲಿನ ಅರಸನಿಂದ ಹಣ ಮತ್ತು ಅಧಿಕಾರ ಪಡೆಯುವವನು, ಅರಸ ಬಿದ್ದರೆ ಗೆದ್ದವನೊಡನೆ ಹೊಸ ಕೌಲು ಮಾಡಿಕೊಳ್ಳುವವನು. ಬಗ್ಲಾನ್ ಪ್ರಾಂತ್ಯದ ಕಯಾನ್ ಕಣಿವೆಯಲ್ಲಿ ಇಸ್ಮಾಯಿಲಿಗಳ ಮುಖಂಡರಾಗಿದ್ದ ನಾದಿರಿ ಮಾಡಿದ್ದು ಇದನ್ನೇ. ಅವರು ಬಂದೂಕು ಹಿಡಿದದ್ದನ್ನು ನಾನು ತಪ್ಪೆನ್ನಲಾರೆ. ಬಂದೂಕಿನಿಂದ ಗಳಿಸಿದ ನೆಮ್ಮದಿಯನ್ನು ಮನೆತನದಾಚೆಗೆ ಬೇರೂರಲು ಬಿಡದೇ ಹೋದದ್ದೇ ಅವರ ನಿಜವಾದ ಸೋಲು.

ಇಸ್ಮಾಯಿಲಿಗಳು ಆಗಾ ಖಾನರನ್ನು ಇಮಾಮರೆಂದು ನಂಬುವ ಶಿಯಾ ಪಂಗಡದವರು. ಬಗ್ಲಾನಿನಲ್ಲಿ ಅವರಲ್ಲಿ ಬಹುಪಾಲು ಹಜಾರಾ ಜನಾಂಗದವರು. ಸುನ್ನಿಗಳ ನಾಡಿನಲ್ಲಿ ಶಿಯಾಗಳಾಗಿ, ಶಿಯಾಗಳ ನಡುವೆ ದಾರಿತಪ್ಪಿದವರೆನಿಸಿಕೊಂಡು, ಅಲ್ಪಸಂಖ್ಯಾತರೊಳಗೂ ಅಲ್ಪಸಂಖ್ಯಾತರಾಗಿ ಬಾಳಿದವರು. 1890ರ ದಶಕದಲ್ಲಿ ಅಮೀರ್ ಅಬ್ದುರ್ ರಹಮಾನ್ ಹಜಾರಾಗಳನ್ನು ಸದೆಬಡಿದ ನೆನಪು ಆ ಬೆಟ್ಟಗಳಲ್ಲಿ ಅಳಿದಿಲ್ಲ. ಇಂಥ ಜನರ ಕೈಯಲ್ಲಿದ್ದ ಒಂದೇ ಬಂಡವಾಳ ಅವರ ನೆಲದ ಜಾಗ. ಕಾಬೂಲಿನಿಂದ ಸಲಾಂಗ್ ಸುರಂಗ ದಾಟಿ ದೋಶಿ, ಪುಲೆ ಖುಮ್ರಿಗಳ ಮೂಲಕ ಆಗಿನ ಸೋವಿಯತ್ ಗಡಿಯತ್ತ ಸಾಗುವ ಹೆದ್ದಾರಿ ಅವರ ಮಗ್ಗುಲಲ್ಲೇ ಹಾದುಹೋಗುತ್ತದೆ. ರಾಜಧಾನಿಯ ಹಿಟ್ಟು, ಇಂಧನ, ಮದ್ದುಗುಂಡು ಎಲ್ಲವೂ ಬರುತ್ತಿದ್ದದ್ದು ಆ ದಾರಿಯಲ್ಲೇ. ಅದನ್ನು ಕಾಯಲು 1980ರ ದಶಕದಲ್ಲಿ ಕಮ್ಯುನಿಸ್ಟ್ ಸರ್ಕಾರ ನಾದಿರಿಯವರ ಸಾವಿರಾರು ಜನರಿಗೆ ಆಯುಧ ಕೊಟ್ಟಿತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬೆಳೆದು ಮರಳಿದ ಮಗ ಜಾಫರ್, ಇಪ್ಪತ್ತರ ಹರೆಯದಲ್ಲೇ ಪ್ರಾಂತ್ಯದ ಗವರ್ನರ್ ಆದರು, 80ನೇ ಡಿವಿಷನ್ನಿನ ಸೇನಾಪತಿಯಾದರು.

ದೇವರನ್ನೇ ಒಪ್ಪದ ಸರ್ಕಾರಕ್ಕೆ ಧರ್ಮಮುಖಂಡರೊಬ್ಬರು ಕಾವಲು ನಿಂತದ್ದು ಬಾಡಿಗೆ ನಿಷ್ಠೆಯಲ್ಲವೇ ಎಂದು ಕೇಳುವವರಿದ್ದಾರೆ. ಬಾಡಿಗೆ ಹೌದು. ಆದರೆ ಆ ಕಣಿವೆಯವರ ಮುಂದಿದ್ದ ಇನ್ನೊಂದು ದಾರಿ ಯಾವುದು? ಅವರನ್ನು ಧರ್ಮಭ್ರಷ್ಟರೆಂದು ಕಾಣುತ್ತಿದ್ದವರೂ ಇದ್ದ, ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಮುಜಾಹಿದೀನ್ ಗುಂಪುಗಳ ಕೃಪೆಯಲ್ಲಿ ಬದುಕುವುದು. ಸೋವಿಯತ್ ಸೇನೆ 1989ರ ಫೆಬ್ರವರಿಯಲ್ಲಿ ಹೊರಟುಹೋದ ಮೇಲೂ ಕಯಾನ್ ಉಳಿದುಕೊಂಡಿತೆಂದರೆ ಅದಕ್ಕೆ ಈ ಲೆಕ್ಕಾಚಾರವೇ ಕಾರಣ. ಇದಕ್ಕಿಂತ ಭಾರವಾದ ಆಕ್ಷೇಪ 1992ರದು. ಮಾಸ್ಕೋದ ನೆರವು ನಿಂತು ಅಧ್ಯಕ್ಷ ನಜೀಬುಲ್ಲಾರ ಕಮ್ಯುನಿಸ್ಟ್ ಸರ್ಕಾರ ಸೊರಗಿದಾಗ ನಾದಿರಿ, ಉಜ್ಬೆಕ್ ಸೇನಾನಿ ದೋಸ್ತುಂ ಮತ್ತು ಗಡಿಪಟ್ಟಣ ಹೈರತಾನಿನ ಜನರಲ್ ಮೋಮಿನ್ ಜತೆ ಸೇರಿ ತಿರುಗಿಬಿದ್ದರು. ಏಪ್ರಿಲ್ ಹೊತ್ತಿಗೆ ಕಾಬೂಲ್ ಮುಜಾಹಿದೀನರ ಪಾಲಾಯಿತು, ನಂತರದ ವರ್ಷಗಳಲ್ಲಿ ಅದೇ ಗುಂಪುಗಳ ಶೆಲ್ ದಾಳಿಗೆ ಸಿಕ್ಕಿ ನುಚ್ಚುನೂರಾಯಿತು. ಆ ಪಾಪದಲ್ಲಿ ನಾದಿರಿಯವರಿಗೂ ಪಾಲಿದೆ, ಅದನ್ನು ಮರೆಮಾಚಬಾರದು. ಜತೆಗೇ, ಪಡೆಗಳನ್ನು ಸಂಬಳಕ್ಕಿಟ್ಟುಕೊಂಡು ಅದನ್ನೇ ಆಡಳಿತವೆಂದು ಕರೆದ ಕಾಬೂಲಿನ ಹೊಣೆಯನ್ನೂ ಹೇಳಬೇಕು. ಸಂಬಳ ನಿಂತ ದಿನ ಪಡೆ ಕೈಬಿಡುತ್ತದೆಂಬುದು ಅದನ್ನು ಕಟ್ಟಿದವರಿಗೆ ಗೊತ್ತಿರಲಿಲ್ಲವೇ?

ನನ್ನ ತಕರಾರು ಇರುವುದು ಬೇರೆ ಕಡೆ. ಧರ್ಮದ ಪೀಠ ತಂದೆಯದು, ಗವರ್ನರ್ ಗಿರಿ ಮಗನದು, ಸೈನ್ಯವೂ ಮಗನದೇ. ಊರಿನ ರೈತ ತನ್ನ ಅಳಲು ಹೇಳಿಕೊಳ್ಳಲು ಆ ಮನೆಯ ಬಾಗಿಲೇ ಗತಿ. ಅಂಥ ಹೊತ್ತಲ್ಲಿ ಮನೆತನವೇ ಬೇಕಿತ್ತು, ಬೇರೆ ಯಾರನ್ನು ನಂಬುವುದು ಎಂದು ಸಮರ್ಥಿಸುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೂ ಆ ಏರ್ಪಾಡು ಎಷ್ಟು ದುರ್ಬಲವೆಂಬುದನ್ನು 1998ರ ಆಗಸ್ಟ್ ತೋರಿಸಿತು. ಉತ್ತರದ ನಗರ ಮಜಾರೆ ಶರೀಫ್ ಬಿದ್ದ ಕೆಲವೇ ದಿನಗಳಲ್ಲಿ ತಾಲಿಬಾನ್ ಪುಲೆ ಖುಮ್ರಿಗೆ ನುಗ್ಗಿತು. ನಾದಿರಿ ಮನೆತನದ ಆಸರೆಯಲ್ಲಿ ಅಲ್ಲಿ ನಾಸಿರ್ ಖುಸ್ರೋ ಹೆಸರಿನ ಸಾಂಸ್ಕೃತಿಕ ಕೇಂದ್ರವಿತ್ತು. ಹನ್ನೊಂದನೇ ಶತಮಾನದ ಆ ಕವಿ ಅದೇ ಇಸ್ಮಾಯಿಲಿ ನಂಬಿಕೆಗಾಗಿ ಬದಖ್ಶಾನಿನ ಬೆಟ್ಟಗಳಲ್ಲಿ ಅಜ್ಞಾತವಾಸ ಅನುಭವಿಸಿದವನು. ಕೇಂದ್ರದ ಗ್ರಂಥಾಲಯದಲ್ಲಿದ್ದ ಸುಮಾರು 55,000 ಪುಸ್ತಕಗಳು, ಹಸ್ತಪ್ರತಿಗಳೂ ಸೇರಿ, ಆಗಸ್ಟ್ 12ರಂದು ನಾಶವಾದವು. ಮದ್ದುಗುಂಡಿನ ದುಡ್ಡಿನ ನಡುವೆಯೂ ಪುಸ್ತಕ ಕೂಡಿಟ್ಟ ಆ ಮನೆತನದ ಹಂಬಲವನ್ನು ನೆನೆದರೆ ಗೌರವ ಮೂಡುತ್ತದೆ. ಆದರೆ ಕಾವಲಿನ ಪಡೆ ಚದುರಿದ ಮೇಲೆ ಆ ಕಪಾಟುಗಳಿಗೆ ದಿಕ್ಕಿರಲಿಲ್ಲ.

2001ರಲ್ಲಿ ತಾಲಿಬಾನ್ ಆಳ್ವಿಕೆ ಕುಸಿದ ನಂತರ ಆ ಕುಟುಂಬ ಮತಪೆಟ್ಟಿಗೆಯ ದಾರಿ ಹಿಡಿಯಿತು. 2010ರಲ್ಲಿ ಮನ್ಸೂರರ ಮಗಳು ಫರ್ಖುಂದಾ ಜಹ್ರಾ ನಾದಿರಿ ಕಾಬೂಲಿನಿಂದ ಗೆದ್ದು ಸಂಸತ್ತಿಗೆ ಬಂದರು. ಒಂದು ಕಣಿವೆಯ ಜನರಷ್ಟೇ ಅಲ್ಲದೆ ಇಡೀ ರಾಜಧಾನಿಯ ಮತದಾರರ ಎದುರು ನಿಂತು ಗಳಿಸಿದ ಆ ಸ್ಥಾನ, ತಂದೆಯ ಎಲ್ಲ ಕೌಲುಗಳಿಗಿಂತ ದೊಡ್ಡದೆಂದು ನಾನು ಭಾವಿಸುತ್ತೇನೆ. 2021ರ ಆಗಸ್ಟಿನಲ್ಲಿ ತಾಲಿಬಾನ್ ಮರಳಿದಾಗ ಆ ಸಂಸತ್ತೇ ಇಲ್ಲವಾಯಿತು. ಕಯಾನಿನ ಇಸ್ಮಾಯಿಲಿಗಳು ಈಗ ಯಾರ ಆಯ್ಕೆಯಿಂದಲೂ ಬಾರದ ಆಳ್ವಿಕೆಯ ಕೆಳಗಿದ್ದಾರೆ. ಈ ಸಲ ಅವರ ಕೈಯಲ್ಲಿ ಹೆದ್ದಾರಿಯೂ ಇಲ್ಲ, ಮತವೂ ಇಲ್ಲ.