ಗಣಿಕೆ ಸೊಪ್ಪು ಔಷಧಿಯಲ್ಲ, ಅಡುಗೆ

ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಮೊನ್ನೆ ಒಂದು ಫೋಟೊ ಬಂತು. ಖಾಲಿ ಸೈಟಿನಲ್ಲಿ ತಾನಾಗಿ ಹುಟ್ಟಿದ ಗಣಿಕೆ ಗಿಡ, ಕೆಳಗೆ ‘ಡೆಡ್ಲಿ ನೈಟ್‌ಶೇಡ್, ಮಕ್ಕಳು ಹುಷಾರು’ ಎಂಬ ಬರಹ. ಸಂಜೆಯೊಳಗೆ ಗಿಡ ಕಿತ್ತಿದ್ದೂ ಆಯಿತು. ಅದರ ಹಿಂದೆಯೇ ಇನ್ನೊಬ್ಬರು ವಿಡಿಯೊ ಹಾಕಿದರು: ಲಿವರ್ ಶುದ್ಧಿಗೆ ಬೆಳಗ್ಗೆ ಬರಿಹೊಟ್ಟೆಗೆ ಗಣಿಕೆ ಸೊಪ್ಪಿನ ಹಸಿ ರಸ ಒಂದು ಲೋಟ! ಮೊದಲನೆಯದಕ್ಕೆ ನಗು ಬಂತು, ಎರಡನೆಯದಕ್ಕೆ ಸಿಟ್ಟು.

ಆ ‘ಡೆಡ್ಲಿ’ ಗಿಡ ಬೆಲ್ಲಡೋನ, ಯುರೋಪಿನದು. ಅದರ ಸೋದರ ಗಿಡವೊಂದು ಕಾಶ್ಮೀರದ ಕಡೆ ಇದೆ. ನಮ್ಮ ಬೆಂಗಳೂರಿನ ಮತ್ತಿಕೆರೆಯ ಮೋರಿ ಪಕ್ಕ ಬೆಲ್ಲಡೋನ ಹುಟ್ಟುವುದಿಲ್ಲ. ಅದರ ಹೂವು ಮಾಸಲು ನೇರಳೆ ಬಣ್ಣದ ಗಂಟೆ, ಹಣ್ಣು ಒಂಟಿ, ದಪ್ಪ. ನಮ್ಮ ಗಣಿಕೆಗೆ ಪುಟ್ಟ ಬಿಳಿ ಹೂವು, ನಡುವೆ ಹಳದಿ ಮೂತಿ. ಮೆಣಸಿನ ಕಾಳಿಗಿಂತ ಸ್ವಲ್ಪ ದಪ್ಪನೆಯ ಹಣ್ಣು ಗೊಂಚಲು ಗೊಂಚಲಾಗಿ ಬಿಡುತ್ತದೆ. ಆಫ್ರಿಕಾದ ಕೆನ್ಯಾದಲ್ಲಿ ಇದರ ಹತ್ತಿರದ ನೆಂಟನನ್ನು ‘ಮನಗು’ ಎಂದು ಸಂತೆಯಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ. ತಮಿಳರ ಮಣತ್ತಕ್ಕಾಳಿಯೂ ಇದೇ. ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಅದರ ಕಾಯಿ ಮಲ್ಲೇಶ್ವರದ ಅಂಗಡಿಗಳಲ್ಲೂ ಸಿಗುತ್ತದೆ.

ಹಾಗಂತ ಇದು ಪಾಪದ ಗಿಡವೂ ಅಲ್ಲ. ಹಸಿರು ಕಾಯಿಯಲ್ಲಿ ಸೊಲನಿನ್ ಎಂಬ ವಿಷವಿದೆ. ಬೆಳಕಿಗೆ ಬಿದ್ದು ಹಸಿರಾದ ಆಲೂಗಡ್ಡೆಯಲ್ಲಿ ಇರುವುದೂ ಅದೇ. ಕುದಿಸಿದ ಮಾತ್ರಕ್ಕೆ ಅದು ನಾಶವಾಗುವುದಿಲ್ಲ. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ನಮ್ಮತ್ತೆಗೆ ಸೊಲನಿನ್ ಗೊತ್ತಿರಲಿಲ್ಲ, ಕಟ್ಟಳೆ ಗೊತ್ತಿತ್ತು. ಮೊರದಲ್ಲಿ ಸೊಪ್ಪು ಹರಡಿ ಕುಡಿ ಎಲೆ ಮಾತ್ರ ಬಿಡಿಸುವರು. ಹಸಿರು ಕಾಯಿ ಒಂದೂ ಉಳಿಯಕೂಡದು. ಬೇರೆ ಸೊಪ್ಪು ಬಸಿದ ನೀರಿನಲ್ಲೇ ಬಸ್ಸಾರು ಮಾಡುತ್ತಿದ್ದವರು, ಗಣಿಕೆ ಬೇಯಿಸಿದ ನೀರನ್ನು ಮಾತ್ರ ಚೆಲ್ಲಿಬಿಡುವರು. ಬಾಯಿ ಹುಣ್ಣಾದರೆ ಎಳೆ ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೀರಿಗೆ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ. ಆ ಹೊತ್ತಿಗೆ ಮಾಡಿದ್ದು ಆ ಹೊತ್ತಿಗೇ ಮುಗಿಯಬೇಕು, ರಾತ್ರಿಗೆ ಇಡುವಂತಿಲ್ಲ. ನಾನು ಇದನ್ನು ಮಡಿಯ ಹಟ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ, ಬೇಯಿಸಿ ರಾತ್ರಿ ಕಳೆದ ಕಾಕಮಾಚಿ, ಅಂದರೆ ಇದೇ ಗಣಿಕೆ, ಬೇಡವೆಂದು ಆಯುರ್ವೇದದ ಅಷ್ಟಾಂಗಹೃದಯವೂ ಹೇಳುತ್ತದೆ. ಇದನ್ನು ತ್ರಿದೋಷಕ್ಕೆ ಒಳ್ಳೆಯದೆಂದು ಹೊಗಳುವ ಚರಕಸಂಹಿತೆಯೇ ಜೇನುತುಪ್ಪದ ಜೊತೆ ಕೂಡದೆಂದು ಎಚ್ಚರಿಸುತ್ತದೆ. ಹಸಿ ರಸದ ವಿಡಿಯೊದವರು ಹೊಗಳಿಕೆಯನ್ನಷ್ಟೇ ಓದಿಕೊಂಡಿರುವಂತಿದೆ. ಕಾಮಾಲೆ ಆದವರು ಈ ರಸ ಕುಡಿದು ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡಿದರೆ ಅದಕ್ಕಿಂತ ದೊಡ್ಡ ಅಪಾಯ ಇನ್ನೇನಿದೆ?

ನನ್ನನ್ನು ಕೇಳಿದರೆ, ಗಿಡಕ್ಕಿಂತ ಅದು ಬೆಳೆದ ಜಾಗಕ್ಕೆ ಹೆದರಬೇಕು. ನಾನು ಸೊಸೆಯಾಗಿ ಬಂದಾಗ ಇಲ್ಲಿ ಸೈಟುಗಳೆಲ್ಲ ಖಾಲಿ, ಮಳೆ ಬಿದ್ದರೆ ಸೊಪ್ಪೇ ಸೊಪ್ಪು. ಈಗ ಉಳಿದಿರುವುದು ಹೆಚ್ಚಾಗಿ ಚರಂಡಿ ಅಂಚು, ಕಟ್ಟಡದ ಮಣ್ಣಿನ ಗುಡ್ಡೆ. ಕೊಳಚೆ ನೀರು ಕುಡಿದ ಸೊಪ್ಪಿಗೆ ಸೀಸ, ಕ್ಯಾಡ್ಮಿಯಂ ಸೇರಿಕೊಳ್ಳುತ್ತವೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಕಳೆನಾಶಕ ಹೊಡೆದಿದ್ದರೆ ಕೇಳುವುದೇ ಬೇಡ. ಬಾಲ್ಕನಿಯ ಕುಂಡದಲ್ಲಿ ನಾಲ್ಕು ಹಣ್ಣು ಹಿಸುಕಿದರೆ ಸಾಕು, ಮನೆಗಾಗುವಷ್ಟು ಸೊಪ್ಪು ಬರುತ್ತದೆ. ಪಾರ್ಕಿನವರು ಇದನ್ನು ಕೀಳಿಸುವ ಬದಲು, ಪಕ್ಕದಲ್ಲಿ ಕಾಯಿ ಹಣ್ಣಿನ ಚಿತ್ರವಿರುವ ಫಲಕ ಹಾಕಲಿ. ಮಕ್ಕಳು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ.

ಅಷ್ಟರಲ್ಲಿ ಯಾವುದಾದರೂ ಮಗು ಹಸಿರು ಕಾಯಿ ತಿಂದು ವಾಂತಿ, ಭೇದಿ, ಮಂಪರು ಶುರುವಾದರೆ, ಮನೆಮದ್ದು ಅಂತ ಕೂರದೆ ಆಸ್ಪತ್ರೆಗೆ ಓಡಬೇಕು. ಹೋಗುವಾಗ ಕಾಯಿ ಸಮೇತ ಆ ಗಿಡದ ಒಂದು ಟೊಂಗೆ ಮುರಿದು ಕೈಯಲ್ಲಿ ಹಿಡಿದಿರಲಿ.